ಏರಿನಲ್ಲಿ ನಿಂತ ಗಾಡಿ

ಲೊಮ್‌ಸಾಕ್ ಪೇಟೆಯಲ್ಲಿ ಖೇಮ್‌ನ ಮನೆ ಎಲ್ಲಿ ಎಂದು ಕೇಳಿದರೆ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ಆ ಕುಡುಕ ಡ್ರೈವರನ ಮನೆ ಎಲ್ಲಿ ಎಂದು ಕೇಳಿ ನೋಡಿ, ನೂಡಲ್ಸ್ ಮಾರುವ ಮುದುಕಿಯೂ ಸೌಟು ಎತ್ತಿ ದಾರಿ ತೋರಿಸುತ್ತಾಳೆ. ಖೇಮ್ ಜನ್ಮದಲ್ಲಿ ಕುಡಿದವನಲ್ಲ. ಅದನ್ನು ವಿಚಾರಿಸುವಷ್ಟು ಪುರುಸೊತ್ತು ಊರಿಗೆಲ್ಲಿದೆ? ಹೆಂಗಸೊಬ್ಬಳು ಸತ್ತಿದ್ದಳು, ಹೊಣೆ ಹೊರಲು ಒಂದು ತಲೆ ಬೇಕಿತ್ತು, ಖೇಮ್‌ನ ತಲೆ ಕೈಗೆ ಸಿಗುವಷ್ಟು ಹತ್ತಿರವಿತ್ತು.

ಅವನು ಊರಿನ ರಕ್ಷಣಾ ತಂಡದ ಸ್ವಯಂಸೇವಕನಾಗಿದ್ದ. ಅಪಘಾತವಿರಲಿ, ಹೆರಿಗೆಯಿರಲಿ, ಆಸ್ಪತ್ರೆಯ ಗಾಡಿಗಿಂತ ಮೊದಲು ಬರುವುದು ಇವರ ಪಿಕಪ್. ಸಂಬಳವಿಲ್ಲ, ಪುಣ್ಯವೇ ಸಂಬಳ. ಹೊಸವರ್ಷದ ಸೊಂಕ್ರಾನ್ ಹಬ್ಬದ ನಡುಮಧ್ಯಾಹ್ನ, ಊರೆಲ್ಲ ಬೀದಿಗೆ ಬಂದು ಒಬ್ಬರ ಮೇಲೊಬ್ಬರು ನೀರೆರಚಿಕೊಳ್ಳುತ್ತಿದ್ದ ಹೊತ್ತಿಗೆ, ಬೆಟ್ಟದಾಚೆಯ ಹುಣಸೆ ತೋಟದಿಂದ ಫೋನು ಬಂತು. ತೋಟದ ಯಜಮಾನ ಕಾಂಪಾನ್‌ನ ಹೆಂಡತಿ ಬುವಾಲೋಯ್‌ಗೆ ನಾಗರಹಾವು ಕಚ್ಚಿತ್ತು. ತಂಡದಲ್ಲಿ ನೆಟ್ಟಗೆ ನಿಲ್ಲುವ ಸ್ಥಿತಿಯಲ್ಲಿದ್ದವನು ಖೇಮ್ ಒಬ್ಬನೇ. ಹೊರಟ. ದಾರಿಯಲ್ಲಿ ಹಬ್ಬದ ಗುಂಪು ಕಿಟಕಿಯೊಳಗೇ ಒಂದು ಬಕೆಟ್ ನೀರು ಸುರಿದು, ಅವನ ಮುಖಕ್ಕೆಲ್ಲ ಬಿಳಿ ಪೌಡರ್ ಮೆತ್ತಿತು. ಒರೆಸಿಕೊಳ್ಳಲೂ ನಿಲ್ಲದೆ ಹೋದ.

ಹೆಂಗಸನ್ನು ಹಿಂದೆ ಮಲಗಿಸಿಕೊಂಡು ಹೊರಟಿದ್ದೂ ಆಯಿತು. ಆ ಕಡೆಯಿಂದ ಪೇಟೆಗೆ ಬರಬೇಕಾದರೆ ಒಂದು ಉದ್ದನೆಯ ಏರು ಹತ್ತಿ ಇಳಿಯಬೇಕು. ಏರಿನ ನಡುವೆ, ಎಲ್ಲಕ್ಕಿಂತ ಕಡಿದಾದ ತಿರುವಿನಲ್ಲಿ, ಗಾಡಿಯ ಉಸಿರು ನಿಂತಿತು. ಹೊಗೆಯಿಲ್ಲ, ಸದ್ದಿಲ್ಲ, ಮುಂದಿನ ಫಲಕದಲ್ಲಿ ಒಂದು ದೀಪವೂ ಹತ್ತಲಿಲ್ಲ. ಖೇಮ್ ಆಕ್ಸಿಲರೇಟರನ್ನು ನೆಲಕ್ಕೆ ತುಳಿದ; ಗಾಡಿ ಅದು ತನಗೆ ಹೇಳಿದ್ದೇ ಅಲ್ಲ ಎಂಬಂತೆ ಸುಮ್ಮನಿತ್ತು. ಇಳಿದು ಬಂದು ರಸ್ತೆಯ ಮಧ್ಯೆ ನಿಂತು ಕೈಬೀಸಿದ. ಒದ್ದೆ ಅಂಗಿ, ಮುಖಕ್ಕೆ ಪೌಡರು. ಬರುವ ಗಾಡಿಗಳವರೆಲ್ಲ ಹಬ್ಬದ ಕುಡುಕನೆಂದುಕೊಂಡು ಅವನ ಮೇಲೆ ಇನ್ನಷ್ಟು ನೀರೆರಚಿ ನಗುತ್ತ ಹೋದರು. ಹಿಂದೆ ಕಾಂಪಾನ್ ತನ್ನ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಡೆಗೆ ಒಂದು ತರಕಾರಿ ಲಾರಿ ನಿಂತಿತು. ಆಗ ಅದರ ಅಗತ್ಯವಿರಲಿಲ್ಲ.

ಖೇಮ್‌ನನ್ನು ಮುಗಿಸಿದ್ದು ಅದಲ್ಲ, ಅದರ ಮುಂದಿನದು. ತಂಡದವರು ಬಂದು ಕೀಲಿ ತಿರುವಿದರು. ಗಾಡಿ ತಟ್ಟನೆ ಎದ್ದು ಆಡಿನ ಹಾಗೆ ಏರು ಹತ್ತಿಬಿಟ್ಟಿತು. ಕಾಂಪಾನ್ ಅದನ್ನು ಕಣ್ಣಾರೆ ಕಂಡ. "ಗಾಡಿ ಚೆನ್ನಾಗಿದೆ. ಇವನಿಗೇ ಮತ್ತೇರಿತ್ತು," ಅಂದ. ಹೆಂಡತಿ ಕಳಕೊಂಡವನ ಮಾತಿಗೆ ಯಾರು ಎದುರಾಡುತ್ತಾರೆ? ತಂಡ ಖೇಮ್‌ನ ಕಿತ್ತಳೆ ಬಣ್ಣದ ಅಂಗಿಯನ್ನು ವಾಪಸು ಕೇಳಿತು. ಅವನು ಒಗೆದು ಮಡಿಸಿ ಕೊಟ್ಟ.

ಆ ಗಾಡಿಯ ವಿಚಾರ ಖೇಮ್‌ನ ತಂಗಿ ಪ್ರಾಂಗ್‌ಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಏಕೆಂದರೆ ಅದರ ಮಿದುಳನ್ನು ಕೈಯಾರೆ ತಿದ್ದಿದವಳು ಅವಳೇ.

ಈಗಿನ ಗಾಡಿಗಳಲ್ಲಿ ಅಂಗೈಗಿಂತ ತುಸು ದೊಡ್ಡದಾದ ಒಂದು ಅಲ್ಯೂಮಿನಿಯಂ ಪೆಟ್ಟಿಗೆ ಇರುತ್ತದೆ. ಕಂಪನಿಯವರು ಇಸಿಯು ಅನ್ನುತ್ತಾರೆ, ಪ್ರಾಂಗ್‌ನಂಥವರು ಬರೀ ಪೆಟ್ಟಿಗೆ ಅನ್ನುತ್ತಾರೆ. ನೀವು ಎಷ್ಟೇ ತುಳಿಯಿರಿ, ಎಂಜಿನ್ನಿಗೆ ಎಷ್ಟು ಡೀಸೆಲ್ ಕೊಡಬೇಕು ಎಂದು ತೀರ್ಮಾನಿಸುವುದು ಆ ಪೆಟ್ಟಿಗೆ. ಅದರೊಳಗೆ ಸಾಲುಸಾಲು ಅಂಕಿಗಳಿವೆ: ಇಷ್ಟು ವೇಗಕ್ಕೆ ಇಷ್ಟು, ಇಷ್ಟು ಬಿಸಿಗೆ ಇಷ್ಟು. ಕಂಪನಿಯವರು ಕೈ ಬಿಗಿಹಿಡಿದು ಬರೆದ ಆ ಅಂಕಿಗಳನ್ನು ಧಾರಾಳವಾಗಿ ತಿದ್ದಿ ಗಾಡಿಗೆ ಬಲ ತುಂಬುವುದೇ ಪ್ರಾಂಗ್‌ನ ಕಸುಬು. ಕಸುಬು ಕಲಿಸಿದವರು ಆಚಾನ್ ಸನನ್. ಆಚಾನ್ ಎಂದರೆ ಗುರುಗಳು. ಆ ಜಿಲ್ಲೆಯಲ್ಲಿ ಪೆಟ್ಟಿಗೆ ಮುಟ್ಟುವ ಮುಕ್ಕಾಲು ಜನ ಅವರ ಶಿಷ್ಯರೇ.

ವರ್ಷಕ್ಕೊಮ್ಮೆ ಗುರುವಾರದ ಗುರುಪೂಜೆಯಲ್ಲಿ ಶಿಷ್ಯರು ಮಂಡಿಯೂರಿ ಕೂರುತ್ತಾರೆ. ಆಚಾನ್ ಒಬ್ಬೊಬ್ಬರ ತಲೆಯ ಮೇಲೂ ಆದಿಗುರು ಋಷಿಯ ಮುಖವಾಡವನ್ನು ಒಂದು ಗಳಿಗೆ ಇಟ್ಟು ಹರಸಿ, ತಾವು ಬರೆದ ಅಂಕಿಗಳ ಫೈಲನ್ನು ಪ್ರಸಾದದಂತೆ ಕೈಗೆ ಹಾಕುತ್ತಾರೆ. ಶಿಷ್ಯರು ಅದನ್ನು ಗಾಡಿಗಳಿಗೆ ತುಂಬುತ್ತಾರೆ. ಬಿಚ್ಚಿ ನೋಡುವಂತಿಲ್ಲ. ನೋಡಬಾರದು ಎಂದು ಬೀಗವೇನೂ ಇರಲಿಲ್ಲ ಅನ್ನಿ, ಆದರೆ ಗುರುಗಳು ಕೊಟ್ಟದ್ದನ್ನು ಸಾಲುಸಾಲಾಗಿ ಪರೀಕ್ಷಿಸುವುದೆಂದರೆ ತಾಯಿ ಬಡಿಸಿದ ಅನ್ನವನ್ನು ತಕ್ಕಡಿಗೆ ಹಾಕಿದಂತೆ. ಆ ಸೀಮೆಯಲ್ಲಿ ಹಿರಿಯರಿಗೆ ಮುಜುಗರವಾಗುವ ಪ್ರಶ್ನೆಯನ್ನು ನುಂಗಿಕೊಳ್ಳುವುದನ್ನು ಮಕ್ಕಳು ಮಾತು ಕಲಿಯುವ ಮೊದಲೇ ಕಲಿಯುತ್ತಾರೆ. ರಕ್ಷಣಾ ತಂಡದ ಪಿಕಪ್ಪು ಒಮ್ಮೆ ಗ್ಯಾರೇಜಿಗೆ ಬಂದಾಗ ಅದಕ್ಕೂ ಪ್ರಾಂಗ್ ಹಾಗೆಯೇ, ಪುಣ್ಯ ಬರಲಿ ಎಂದು ಬಿಟ್ಟಿಯಾಗಿ, ಯಾರಿಗೂ ಹೇಳದೆ, ಆಚಾನ್ ಕೊಟ್ಟ ಫೈಲು ತುಂಬಿದ್ದಳು.

ಅಣ್ಣ ಅಂಗಿ ಮಡಿಸಿ ಕೊಟ್ಟ ಮೇಲೆ ಅವಳು ಬಿಚ್ಚಿ ನೋಡಿದಳು. ಮೊದಲ ಸಲ.

ಬಿಸಿಯ ಕೋಷ್ಟಕದ ತೀರಾ ಕೊನೆಯಲ್ಲಿತ್ತು ಆ ಸಾಲು. ಎಂಜಿನ್ ಕಾದಾಗ ಕಂಪನಿಯವರು ಡೀಸೆಲನ್ನು ಸ್ವಲ್ಪಸ್ವಲ್ಪವೇ ಇಳಿಸಿ, ದೀಪ ಹತ್ತಿಸಿ ಎಚ್ಚರಿಸುತ್ತಾರೆ. ಇಲ್ಲಿ ದೀಪದ ಸುದ್ದಿಯೇ ಇಲ್ಲ, ಅಂಕಿಗಳು ಒಂದೇ ಏಟಿಗೆ ಪಾತಾಳಕ್ಕೆ ಇಳಿದಿದ್ದವು. ಸುಡುಬಿಸಿಲಿನಲ್ಲಿ, ಭಾರ ಹೊತ್ತು, ಏರು ಹತ್ತುವಾಗ ಮಾತ್ರ ಗಾಡಿ ಆ ಸಾಲಿಗೆ ಬಂದು ಮುಟ್ಟುತ್ತದೆ. ತಣಿದ ಮೇಲೆ ಏನೂ ಆಗದಂತೆ ಎದ್ದು ಓಡುತ್ತದೆ. ಕೈತಪ್ಪಿ ಬಿದ್ದ ಅಂಕಿಗಳಲ್ಲ ಅವು. ಯಾರೋ ಕೂತು, ಯೋಚಿಸಿ ಬರೆದದ್ದು.

ಪಿಕಪ್ ದಿನವೂ ಹೊರಗೆ ಹೋಗುತ್ತಿತ್ತು. ಪ್ರಾಂಗ್ ಅವತ್ತೇ ತಂಡದ ಶೆಡ್ಡಿಗೆ ಹೋಗಿ ಆ ಸಾಲನ್ನು ಅಳಿಸಿ ಸರಿಯಾದ ಅಂಕಿ ಬರೆದಳು. ಆಮೇಲೆ ಬೆಟ್ಟ ಹತ್ತಿ ಕಾಂಪಾನ್‌ನ ಮನೆಗೆ ಹೋದಳು.

ಅವನು ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ತೊಟ್ಟು ಕತ್ತರಿಸುತ್ತಿದ್ದ. ಕೂರು ಅನ್ನಲಿಲ್ಲ. ಪ್ರಾಂಗ್ ಕೈಮುಗಿದು, ದೊಡ್ಡಪ್ಪ ಅನ್ನುವಂತೆ ಲುಂಗ್ ಎಂದು ಕರೆದು, ನಿಂತೇ ಹೇಳಿದಳು.

"ಲುಂಗ್, ತಪ್ಪು ಅಣ್ಣಂದಲ್ಲ. ಗಾಡಿ ಪೆಟ್ಟಿಗೆಯೊಳಗೆ ಒಂದು ಸಾಲು ಕೆಟ್ಟದಾಗಿತ್ತು. ಬಿಸಿ ಏರಿದ್ರೆ ಡೀಸೆಲ್ ನಿಂತುಹೋಗೋ ಥರ ಇತ್ತು."

"ನೀನು ಅವನ ತಂಗಿ ತಾನೆ?"

"ಹೌದು ಲುಂಗ್."

"ತಂಗಿಯಾಗಿ ಇನ್ನೇನು ಹೇಳ್ತೀಯ. ಹೋಗು. ನಿನ್ನ ರಕ್ತಸಂಬಂಧ ಅಲ್ಲದ ಒಬ್ಬ ಮೆಕ್ಯಾನಿಕ್ ಬಂದು ಇದೇ ಮಾತು ಹೇಳ್ಲಿ, ಕೇಳ್ತೀನಿ."

ನ್ಯಾಯವಾದ ಮಾತೇ. ಒಬ್ಬರು ಬೇಕಿತ್ತು, ಒಬ್ಬರೇ ಒಬ್ಬರು. ಇಷ್ಟು ಶಿಷ್ಯರಲ್ಲಿ ಒಬ್ಬರು ಸಿಕ್ಕುವುದಿಲ್ಲವೇ ಅಂದುಕೊಂಡಳು ಪ್ರಾಂಗ್. ಆಗ ಅವಳಿಗೆ ಇನ್ನೂ ಜನರ ಮೇಲೆ ನಂಬಿಕೆಯಿತ್ತು.

ಆ ವರ್ಷದ ಗುರುಪೂಜೆಗೆ ಎಲ್ಲರಿಗಿಂತ ಮೊದಲೇ ಹೋಗಿ ಆಚಾನರನ್ನು ಹಿಂದಿನ ಕೋಣೆಯಲ್ಲಿ ಕಂಡಳು. ಆಚಾನ್ ಬಿಳಿ ಬಟ್ಟೆಯುಟ್ಟು ಫ್ಯಾನಿನ ಮುಂದೆ ಕಾಲುಚಾಚಿ ಕೂತಿದ್ದರು. ಪ್ರಾಂಗ್ ನೆಲಕ್ಕೆ ಹಣೆಹಚ್ಚಿ ನಮಸ್ಕರಿಸಿ, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಅವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಬಿಚ್ಚಿ ನೋಡ್ದೆಯಾ?" ಅಂದರು.

"ನೋಡ್ದೆ ಆಚಾನ್."

"ಅದು ಕಳ್ಳರಿಗೆ ಇಟ್ಟ ಬೋನು. ನನ್ನ ಫೈಲು ಕದ್ದು ಮಾರೋ ಬೇವರ್ಸಿಗಳಿದಾರಲ್ಲ, ಅವರ ಗಿರಾಕಿಗಳ ಗಾಡಿ ಏರಿನಲ್ಲಿ ನಿಲ್ಲಲಿ, ಗಿರಾಕಿಗಳೇ ಬಂದು ಅವರಿಗೆ ಉಗೀಲಿ ಅಂತ."

"ನಾನು ಕದ್ದಿಲ್ಲ ಆಚಾನ್. ನೀವೇ ಕೈಯಾರೆ ಕೊಟ್ರಿ."

"ಎಲ್ಲರಿಗೂ ಅದನ್ನೇ ಕೊಡೋದು. ಯಾರು ಹಿಂದಿನಿಂದ ಮಾರ್ಕೊಳ್ತಾರೋ ನನಗೇನು ಗೊತ್ತು? ಬೋನು ತೆಗೆದದ್ದು ಬೇಕು ಅಂತ ಬಂದು ಕೇಳಿದ್ರೆ ಕೊಡ್ತಿದ್ದೆ."

"ಬೋನಿದೆ ಅಂತ ಗೊತ್ತಿಲ್ದೆ ಹೇಗೆ ಕೇಳೋದು?"

"ಒಳಗೇನಿದೆ ಅಂತಾದರೂ ಕೇಳ್ಬಹುದಿತ್ತು. ಇಷ್ಟು ವರ್ಷದಲ್ಲಿ ಒಬ್ಬರು ಬಾಯಿಬಿಟ್ಟು ಕೇಳಿಲ್ಲ. ಅದಕ್ಕೆ ನಾನೇನು ಮಾಡ್ಲಿ?"

"ಗುರು ಕಟ್ಟಿದ ಗಂಟು ಬಿಚ್ಚಬೇಡಿ ಅಂತ ಮೊದಲ ದಿನವೇ ಹೇಳಿದ್ದು ನೀವಲ್ವಾ ಆಚಾನ್?" ಅಂದಳು.

ಆಚಾನ್ ಫ್ಯಾನನ್ನು ತಮ್ಮ ಕಡೆಗೆ ಇನ್ನಷ್ಟು ತಿರುಗಿಸಿಕೊಂಡರು. ಕಾಂಪಾನ್‌ನ ಮನೆಗೆ ಬಂದು ಒಂದು ಮಾತು ಹೇಳಿ ಎಂದು ಅವಳು ಕಾಲು ಹಿಡಿದಳು. "ಪೂಜೆಗೆ ಹೊತ್ತಾಯ್ತು," ಎಂದು ಅವರು ಎದ್ದರು.

ಹೊರಗೆ ಶಿಷ್ಯರೆಲ್ಲ ಸೇರಿದ್ದರು. ಹಂದಿತಲೆ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಚೆಂಡುಹೂವಿನ ಮಾಲೆ, ಪಕ್ಕದಲ್ಲಿ ಸಾಲಾಗಿ ಜೋಡಿಸಿದ ಪೆಟ್ಟಿಗೆಗಳು, ಲ್ಯಾಪ್‌ಟಾಪುಗಳು, ಎಲ್ಲದರ ನೆತ್ತಿಗೂ ಗಂಧದ ಬೊಟ್ಟು. ಪ್ರಾಂಗ್ ಮಂಡಿಯೂರಿದ ಕಡೆಯಿಂದಲೇ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: ಫೈಲಿನೊಳಗೆ ಹೀಗೊಂದು ಸಾಲಿದೆ, ನಿಮ್ಮ ಗಿರಾಕಿಗಳ ಗಾಡಿಯಲ್ಲೂ ಇದೆ, ಹೋಗಿ ನೋಡಿ, ಅದರಿಂದ ಒಂದು ಜೀವ ಹೋಯಿತು, ಅಣ್ಣನ ಮಾನ ಹೋಯಿತು, ನನ್ನ ಜತೆ ಒಬ್ಬರು ಬೆಟ್ಟಕ್ಕೆ ಬನ್ನಿ. ಹೇಳುವಾಗ ಅವಳು ಒಂದಕ್ಷರ ನುಂಗಲಿಲ್ಲ.

ಎಲ್ಲರೂ ಚಾಪೆಯ ಹೆಣಿಗೆಯನ್ನು ನೋಡುತ್ತಿದ್ದರು. ಜೀವಮಾನದಲ್ಲಿ ಅಂಥ ಚಾಪೆ ಕಂಡಿರಲಿಲ್ಲವೇನೋ. ಕಡೆಗೆ ಹಿರಿಯ ಶಿಷ್ಯ ದಮ್ರೊಂಗ್, ಕಿರಿಯರನ್ನು ಕರೆಯುವಂತೆ ನೊಂಗ್ ಎಂದು ಕರೆದು, ಮೆಲ್ಲಗೆ ಅಂದ: "ನೊಂಗ್ ಪ್ರಾಂಗ್, ಇವತ್ತು ಪೂಜೆ. ಇಲ್ಲೆಲ್ಲ ಬೇಡಮ್ಮ. ಕೂತ್ಕೊ."

ಅವಳು ಕೂತಳು. ಆಚಾನ್ ಮುಖವಾಡ ಹಿಡಿದು ಸಾಲಿನುದ್ದಕ್ಕೂ ಒಬ್ಬೊಬ್ಬರ ತಲೆಯ ಮೇಲೆ ಇಡುತ್ತ ಬಂದರು. ಅವಳ ಬಳಿ ಬಂದಾಗ ಮುಖವಾಡ ಅವಳನ್ನು ದಾಟಿ ಪಕ್ಕದವನ ತಲೆಗೆ ಹೋಯಿತು. ಗುರುವಿಲ್ಲದವಳು ಎಂದು ಎಲ್ಲರೆದುರು ಸಾರಿದಂತಾಯಿತು. ಆ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಪ್ರಾಂಗ್ ಆ ಜನರನ್ನೆಲ್ಲ ಹೇಡಿಗಳು ಎಂದು ಬೈದು ಕೈತೊಳೆದುಕೊಳ್ಳುತ್ತಿದ್ದಳು. ಆದರೆ ಮುಂದಿನ ವಾರವೇ ದಮ್ರೊಂಗ್ ಬಂದ. ಗ್ಯಾರೇಜಿನ ಮುಂದಿನಿಂದಲ್ಲ, ಹಿತ್ತಲ ಗೇಟಿನಿಂದ. ಅಂಗಿ ಕಳಕೊಂಡ ಮೇಲೆ ತಂಗಿಯ ಗ್ಯಾರೇಜಿನಲ್ಲೇ ಕೆಲಸಕ್ಕೆ ನಿಂತಿದ್ದ ಖೇಮ್ ಗೇಟು ತೆರೆದ.

"ನನ್ನ ಗಾಡಿ ಸ್ವಲ್ಪ ನೋಡ್ತೀಯಾ ನೊಂಗ್? ಅಳಿಯ ತಗೊಂಡು ಬೆಟ್ಟದ ಕಡೆ ಹೋಗ್ತಾನೆ, ಮೊಮ್ಮಗು ಬೇರೆ ಜತೆಗಿರತ್ತೆ."

"ನಿಮ್ಮ ಹತ್ರಾನೇ ಲ್ಯಾಪ್‌ಟಾಪ್ ಇದೆಯಲ್ಲ ದಮ್ರೊಂಗ್ ಅಣ್ಣಾ. ನೀವೇ ಅಳಿಸ್ಬಹುದು."

ಅವನು ಚಪ್ಪಲಿಯ ತುದಿ ನೋಡಿಕೊಂಡ. "ನಾನು ಹೇಗಮ್ಮ ಬಿಚ್ಚೋದು. ಗುರು ಕೊಟ್ಟಿದ್ದು."

ಅಂದರೆ ಬಿಚ್ಚುವ ಪಾಪ ಬೇಡ, ಬಿಚ್ಚಿದ ಗಾಡಿ ಬೇಕು. ಪಾಪ ಹೇಗೂ ಪ್ರಾಂಗ್‌ನ ತಲೆಗೆ ಹತ್ತಿಯಾಗಿದೆ, ಇನ್ನೊಂದು ಚಮಚ ಬಿದ್ದರೆ ಅವಳಿಗೇನು ತೂಕ? ಪ್ರಾಂಗ್‌ಗೆ ಉಗಿಯುವಷ್ಟು ಸಿಟ್ಟು ಬಂತು. "ಮೊದಲು ನನ್ನ ಜತೆ ಕಾಂಪಾನ್ ಮನೆಗೆ ಬನ್ನಿ," ಅಂದಳು.

"ಬರ್ತೀನಿ, ಖಂಡಿತ ಬರ್ತೀನಿ. ಮಳೆಗಾಲ ಒಂದು ಕಳೀಲಿ."

ಅವಳಿಗೆ ಗೊತ್ತಿತ್ತು ಅವನು ಬರುವುದಿಲ್ಲ ಎಂದು. ಮೊಮ್ಮಗುವಿನ ಸುದ್ದಿ ಎತ್ತದೇ ಇದ್ದಿದ್ದರೆ ಗೇಟು ತೋರಿಸುತ್ತಿದ್ದಳೋ ಏನೋ. ಪೆಟ್ಟಿಗೆ ಬಿಚ್ಚಿ ಸಾಲು ಅಳಿಸಿದಳು.

ಆಮೇಲೆ ಅವರು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಹಿತ್ತಲಿನಿಂದಲೇ. ತಮ್ಮ ಗಾಡಿ, ತಮ್ಮ ಗಿರಾಕಿಗಳ ಗಾಡಿ, ಭಾವನ ಗಾಡಿ. ಎಲ್ಲರದೂ ಒಂದೇ ಪಲ್ಲವಿ: ಆಚಾನರಿಗೆ ಗೊತ್ತಾಗೋದು ಬೇಡ. ಬೆಟ್ಟಕ್ಕೆ ಬನ್ನಿ ಅಂದರೆ ಒಬ್ಬನಿಗೆ ಮಗನ ಭಿಕ್ಷುದೀಕ್ಷೆ, ಇನ್ನೊಬ್ಬನಿಗೆ ಭತ್ತದ ಕೊಯ್ಲು, ಮತ್ತೊಬ್ಬನಿಗೆ ಮಂಡಿನೋವು. ಗಾಡಿಯಲ್ಲಿ ಹೋಗಲು ಮಂಡಿನೋವು ಏನು ಅಡ್ಡಿಯೋ ದೇವರಿಗೇ ಗೊತ್ತು. ಅಳಿಸುವುದಿಲ್ಲ ಹೋಗಿ ಎಂದು ಪ್ರಾಂಗ್ ಒಬ್ಬನನ್ನು ವಾಪಸು ಕಳಿಸಿದಳು. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ತಾನೇ ಫೋನು ಮಾಡಿ ಕರೆಸಿ ಅಳಿಸಿಕೊಟ್ಟಳು. ಇನ್ನೊಬ್ಬಳು ಬುವಾಲೋಯ್ ಏರಿನಲ್ಲಿ ಸಾಯಲಿ ಎಂದು ಪಟ್ಟು ಹಿಡಿಯುವುದು ಅವಳಿಂದಾಗಲಿಲ್ಲ.

ಬಂದವರೆಲ್ಲ ಖೇಮ್‌ನ ಹೆಗಲು ತಟ್ಟಿ ಹೋಗುತ್ತಿದ್ದರು. ಒಬ್ಬ ಚಕ್ಕೋತ ಹಣ್ಣು ಕೊಟ್ಟ. ಇನ್ನೊಬ್ಬ ಒಂದು ಬಾಟಲಿ ವಿಸ್ಕಿ ಕೊಟ್ಟ. ಖೇಮ್ ಕುಡುಕನೆಂಬ ಊರಿನ ಮಾತನ್ನು ಅವನೂ ನಂಬಿದ್ದ. ಖೇಮ್ ಅದನ್ನು ಕೈಗೆ ತಗೊಂಡು, ಕೈಮುಗಿದು, ಗೇಟು ಹಾಕಿದ.

"ಇವರಿಗೆಲ್ಲ ಗೊತ್ತು ಅಲ್ವಾ ಪ್ರಾಂಗ್?" ಎಂದು ಒಂದು ದಿನ ಕೇಳಿದ.

"ಗೊತ್ತು ಅಣ್ಣಾ."

"ಹಾಗಾದ್ರೆ ನಂದು ತಪ್ಪಿಲ್ಲ ಅಂತಾನೂ ಗೊತ್ತು."

"ಹೂಂ."

"ಮತ್ತೆ ಯಾಕೆ ಯಾರೂ ಹೇಳಲ್ಲ?"

ಪ್ರಾಂಗ್ ತಲೆಯೆತ್ತದೆ ಸ್ಕ್ರೂ ಬಿಗಿಯುತ್ತಿದ್ದಳು. ಅಣ್ಣನ ಸಿಟ್ಟನ್ನು ಅವಳು ತಡೆದುಕೊಂಡಾಳು. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ, ಅದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ.

ಮುಂದಿನ ಗುರುಪೂಜೆಗೆ ಅವಳು ಹೋಗಲಿಲ್ಲ. ಸುದ್ದಿ ತಾನಾಗಿಯೇ ಬಂತು. ಆಚಾನ್ ದೊಡ್ಡ ಮನಸ್ಸು ಮಾಡಿ ಶಿಷ್ಯರಿಗೆಲ್ಲ ಹೊಸ ಫೈಲು ಕೊಟ್ಟರಂತೆ, ಬಚ್ಚಿಟ್ಟದ್ದು ಏನೂ ಇಲ್ಲದ್ದು, ಎಲ್ಲವೂ ತೆರೆದದ್ದು. ಇಂಥ ಉದಾರ ಗುರು ಸಿಗುವುದು ಪೂರ್ವಪುಣ್ಯ ಎಂದು ದಮ್ರೊಂಗ್ ಭಾಷಣ ಮಾಡಿದನಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಪ್ರಾಂಗ್‌ಗೂ ಒಂದು ಪ್ರತಿ ಕಳಿಸಿದ್ದರು, ಕ್ಷಮಿಸಿದ್ದೇನೆ ಎಂಬ ಮಾತಿನ ಸಮೇತ. ಅವಳು ಅದನ್ನು ಸಾಲುಸಾಲಾಗಿ ನೋಡಿದಳು. ಶುದ್ಧವಾಗಿತ್ತು. ಉಳಿದಿದ್ದ ಗಾಡಿಗಳಿಗೂ ಈಗ ಅದೇ ಹೋಗಿ ಕೂತಿತು.

ಚಳಿ ಬಿದ್ದು ಹುಣಸೆ ಹಣ್ಣಾಗುವ ಕಾಲಕ್ಕೆ ಕಾಂಪಾನ್ ಬಂದ. ಗ್ಯಾರೇಜಿನ ಮುಂಬಾಗಿಲಿನಿಂದಲೇ ಬಂದ, ಕೈಯಲ್ಲಿ ಒಂದು ಬುಟ್ಟಿ ಸಿಹಿ ಹುಣಸೆ. ಖೇಮ್ ಅವನನ್ನು ಕಂಡದ್ದೇ ಗೋಡೆಗೆ ಆತು ನಿಂತುಬಿಟ್ಟ.

"ನಮ್ಮ ಅಕ್ಕನ ಮಗ ಹೇಳ್ದ," ಅಂದ ಕಾಂಪಾನ್, ಕುರ್ಚಿಯ ಅಂಚಿಗೆ ಕೂತು. "ನಿನ್ನ ಹಿತ್ತಲಿಗೆ ತುಂಬ ಗಾಡಿ ಬಂದು ಹೋಗ್ತಾವಂತೆ. ಏನೋ ತೆಗೆಸ್ಕೊಂಡು ಹೋಗ್ತಾರಂತೆ. ಅವತ್ತು ನೀನು ಹೇಳಿದ್ಯಲ್ಲ, ಅದೇನಾ?"

"ಅದೇ ಲುಂಗ್."

"ಹಾಗಾದ್ರೆ ತೋರ್ಸು. ನಿನ್ನ ಗಾಡಿ ಬೇಡ, ನೀನು ಮುಟ್ಟಿದ್ದೂ ಬೇಡ. ಬೇರೆ ಯಾರದಾದ್ರೂ ಗಾಡೀಲಿ ಆ ಸಾಲು ತೋರ್ಸು. ನನಗೆ ಓದಕ್ಕೆ ಬರಲ್ಲ, ಓದೋರನ್ನ ಕರ್ಕೊಂಡು ಬರ್ತೀನಿ. ನನಗೂ ಈ ದ್ವೇಷ ಹೊತ್ತು ಸಾಕಾಗಿದೆ."

ಪ್ರಾಂಗ್ ಮನಸ್ಸಿನಲ್ಲೇ ಒಂದೊಂದು ಗಾಡಿಯನ್ನೂ ನೆನೆದಳು. ಎಲ್ಲವನ್ನೂ ಅಳಿಸಿದ್ದಳು, ತನ್ನ ಕೈಯಾರೆ. ಅಳಿಸದೆ ಉಳಿದದ್ದನ್ನು ಆಚಾನರ ಔದಾರ್ಯ ಅಳಿಸಿತ್ತು. ಅಣ್ಣನ ಪರವಾಗಿ ಸಾಕ್ಷಿ ಹೇಳಬಲ್ಲ ಪೆಟ್ಟಿಗೆ ಆ ಜಿಲ್ಲೆಯಲ್ಲಿ ಒಂದೂ ಉಳಿದಿರಲಿಲ್ಲ. ದಮ್ರೊಂಗ್‌ಗೆ ಫೋನು ಮಾಡಿದಳು. "ಯಾವ ಸಾಲು ನೊಂಗ್? ನನ್ನ ಗಾಡೀಲಿ ಅಂಥದ್ದೇನೂ ಇಲ್ವಲ್ಲ," ಅಂದ. ಸುಳ್ಳಲ್ಲ, ಈಗ ಇರಲಿಲ್ಲ.

"ಹಳೇ ಫೈಲು ನನ್ನ ಹತ್ರ ಇದೆ ಲುಂಗ್," ಅಂದಳು, ತನಗೇ ನಾಚಿಕೆಯಾಗುವಂಥ ದನಿಯಲ್ಲಿ.

"ಅದನ್ನ ನೀನೇ ಬರೆದಿರಬಹುದಲ್ಲ."

ಗೋಡೆಯ ಬಳಿಯಿಂದ ಖೇಮ್ ಮಾತಾಡಿದ. ಅವನು ಕಾಂಪಾನ್‌ನೆದುರು ಬಾಯಿ ತೆರೆದದ್ದು ಆ ಏರಿನ ನಂತರ ಇದೇ ಮೊದಲು. "ಪ್ರಾಂಗ್, ಆ ಹಳೇದನ್ನ ನಮ್ಮ ಗಾಡಿಗೆ ಹಾಕು. ನಾನು ಓಡಿಸ್ತೀನಿ, ಲುಂಗ್ ಪಕ್ಕದಲ್ಲಿ ಕೂತಿರ್ಲಿ. ಅದೇ ಏರಲ್ಲಿ ನಿಲ್ಲತ್ತೆ, ನೋಡ್ಲಿ."

ಕಾಂಪಾನ್ ತಲೆಯಾಡಿಸಿದ. "ನಿಲ್ಲತ್ತೆ ಮಗಾ, ನಿನ್ನ ತಂಗಿ ಹಾಕಿದ್ರೆ ನಿಲ್ಲತ್ತೆ. ಅವತ್ತಿನ ಗಾಡಿಗೆ ಯಾರು ಹಾಕಿದ್ರು? ನನಗೆ ಅದು ಗೊತ್ತಾಗ್ಬೇಕು."

ಇಷ್ಟು ಕಾಲ ಪ್ರಾಂಗ್ ಹೇಳುತ್ತ ಬಂದದ್ದು ಬೇರೆ. ಪೆಟ್ಟಿಗೆಯಲ್ಲಿ ಒಂದು ಸಾಲು ಇತ್ತು. ಆಚಾನ್ ಬರೆದರು. ಶಿಷ್ಯರು ಬಾಯಿ ಹೊಲಿದುಕೊಂಡರು. ಎಲ್ಲವೂ ನಿಜ. ಆ ಸಾಲು ತಾನಾಗಿಯೇ ನಡೆದು ಬಂದು ತಂಡದ ಗಾಡಿಯೊಳಗೆ ಕೂತಿತು ಎಂಬಂತೆ ಅವಳು ಮಾತಾಡಿದ್ದಳು, ಕಾಂಪಾನ್‌ನ ಮುಂದೆ, ಗುರುಪೂಜೆಯಲ್ಲಿ, ಅಣ್ಣನ ಮುಂದೆ ಕೂಡ. ಪುಣ್ಯಕ್ಕೆಂದು ಬಿಟ್ಟಿ ಮಾಡಿದ ಕೆಲಸದ ಸುದ್ದಿಯನ್ನು ಅವಳು ಆಚಾನರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಖೇಮ್ ಅವಳನ್ನು ನೋಡುತ್ತಿದ್ದ.

"ನಾನೇ ಹಾಕಿದ್ದು," ಅಂದಳು. "ಒಳಗೇನಿದೆ ಅಂತ ನೋಡ್ಲಿಲ್ಲ. ನೋಡಿದ್ರೆ ಸಿಗ್ತಿತ್ತು. ಸಿಕ್ಕಿದ್ರೆ ನಿಮ್ಮ ಹೆಂಡ್ತಿ ಬದುಕಿರ್ತಿದ್ರು ಲುಂಗ್."

ಆ ಮಾತನ್ನು ಕಾಂಪಾನ್ ನಂಬಿದ. ತಂಗಿಯೊಬ್ಬಳು ಅಣ್ಣನನ್ನು ಉಳಿಸಲು ಏನು ಬೇಕಾದರೂ ಹೇಳಬಹುದು, ಆದರೆ ಈ ಮಾತನ್ನು ಸುಳ್ಳಿಗೆ ಯಾರೂ ಹೇಳುವುದಿಲ್ಲ ಎಂದು ಅವನಿಗೆ ಅನ್ನಿಸಿರಬೇಕು. ಎದ್ದು, ಅವಳನ್ನು ಬಳಸಿಕೊಂಡು ಹೋಗಿ, ಬುಟ್ಟಿಯನ್ನು ಖೇಮ್‌ನ ಕೈಗೆ ಕೊಟ್ಟ.

"ಅವತ್ತು ನಿನಗೆ ಬೈದೆ. ಮನಸ್ಸಿಗೆ ಹಚ್ಕೋಬೇಡ. ಭಾನುವಾರ ಅವಳ ಹೆಸರಲ್ಲಿ ಭಿಕ್ಷುಗಳಿಗೆ ಊಟ ಇಟ್ಟಿದೀನಿ. ಬಾ. ನೀನೊಬ್ಬನೇ ಬಾ."

ಖೇಮ್ ಬುಟ್ಟಿಯನ್ನು ಎದೆಗೊತ್ತಿಕೊಂಡು ತಲೆಬಗ್ಗಿಸಿದ. ಒಂದೂವರೆ ವರ್ಷದಿಂದ ಅಳದವನು ಈಗ ಬಿಕ್ಕಿಬಿಕ್ಕಿ ಅತ್ತ. ಪ್ರಾಂಗ್ ಕಾಂಪಾನ್‌ಗೆ ಕೈಮುಗಿದಳು. ಅವನು ಅದನ್ನು ಕಾಣದವನ ಹಾಗೆ ಗೇಟು ದಾಟಿ ಹೋದ.

ಅಣ್ಣನ ಹೆಸರು ಉಳಿಯಿತಲ್ಲ, ಅದಕ್ಕೇ ತಾನೇ ಇಷ್ಟೆಲ್ಲ ಪಾಡು ಪಟ್ಟದ್ದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಅಣ್ಣನ ಕಡೆ ತಿರುಗಿದಳು, ಅವನಾದರೂ ಏನಾದರೂ ಅನ್ನಲಿ ಎಂದು. ಖೇಮ್ ಕಣ್ಣೊರೆಸಿಕೊಂಡು, ಬುಟ್ಟಿಯನ್ನು ಒಳಗಿಟ್ಟು ಬಂದು, ಕೆಲಸದ ಅಂಗಿಯನ್ನು ಬಿಚ್ಚಿ ಮಡಿಸತೊಡಗಿದ. ಅಂಚಿಗೆ ಅಂಚು ಕೂಡಿಸಿ, ನಿಧಾನವಾಗಿ ಮಡಿಸಿ ಅವಳ ಮೇಜಿನ ಮೇಲಿಟ್ಟು, ಮುಂಬಾಗಿಲಿನಿಂದ ಹೊರಟುಹೋದ.